ಹಳೆಯ ಹವಾ ಕಂಬವನ್ನು ಈಗಲೇ ಕೀಳಬೇಡಿ

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಊರಾಚೆಯ ಹೊಲದಲ್ಲಿ ನಮ್ಮದೊಂದು ಸಣ್ಣ ರೇಡಿಯೋ ವೀಕ್ಷಣಾಲಯ ಇದೆ. 3 ಮೀಟರಿನ ಜಾಲರಿ ಡಿಶ್‌ನಲ್ಲಿ ಆಕಾಶಗಂಗೆಯ ಹೈಡ್ರೋಜನ್ ಹೊಮ್ಮಿಸುವ 21 ಸೆಂ.ಮೀ. ರೇಡಿಯೋ ಗೆರೆ ನೋಡುತ್ತೇವೆ. ಒಂದಕ್ಕೊಂದು 100 ಮೀಟರ್ ದೂರದಲ್ಲಿ ಎರಡು ಟಿವಿ ಡಿಶ್ ಇಟ್ಟು ಒಂದೇ ಉಪಗ್ರಹದ ಸಂಕೇತ ಹಿಡಿಯುತ್ತೇವೆ. ಗಾಳಿಯ ತೇವ ಅದನ್ನು ಎಷ್ಟು ಅಲುಗಾಡಿಸುತ್ತದೆ ಎಂದು ಅಳೆಯಲು ಶುರು ಮಾಡಿದ್ದೇವೆ. ಜೊತೆಗೆ ತಾತ್ಕಾಲಿಕ ಅಂತ ಹಾಕಿದ ಹವಾ ಕೇಂದ್ರವೊಂದಿದೆ. ಸಿಮೆಂಟ್ ತುಂಬಿದ ಡ್ರಮ್ಮಿನಲ್ಲಿ ಪೈಪ್ ನಿಲ್ಲಿಸಿ, ಆನ್‌ಲೈನ್‌ನಲ್ಲಿ ತರಿಸಿದ ವೈಫೈ ಸೆಟ್ ಕಟ್ಟಿದ್ದೇವೆ. ಈಗ ಸ್ವಲ್ಪ ಅನುದಾನ ಬಂದಿದೆ. ಹಳೆಯದನ್ನು ಕಿತ್ತು ಒಳ್ಳೆಯದನ್ನು ಹಾಕುವ ಯೋಚನೆ. ಯಾವುದಕ್ಕೆ ಮೊದಲು ಖರ್ಚು ಮಾಡಬೇಕು? ನೀರಾವಿ ಅಳೆಯುವ ರೇಡಿಯೋಮೀಟರ್ ಕೊಳ್ಳಲೇಬೇಕಾ?

ಉತ್ತರ: ಮೇಡಂ, ಎರಡನೇ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇದೆ: ಬೇಡ. ಕಾರಣ ಮುಂದೆ ಹೇಳುತ್ತೇನೆ. ಮೊದಲನೇ ಪ್ರಶ್ನೆಗೆ ಉತ್ತರಿಸುವ ಮುಂಚೆ ಒಂದು ಕೋರಿಕೆ. ಹಳೆಯ ಕಂಬವನ್ನು ಈಗಲೇ ಕೀಳಬೇಡಿ. ಹೊಸದನ್ನು ಅದರ ಪಕ್ಕದಲ್ಲೇ ನಿಲ್ಲಿಸಿ. ಎರಡೂ ಒಂದು ವರ್ಷ ಜೊತೆಗೆ ಓಡಲಿ. ನಿಮ್ಮ ಕಡೆಯ ಏಪ್ರಿಲ್–ಮೇ ಬಿಸಿಲು, ಮುಂಗಾರಿನ ಗಾಳಿ, ಹಿಂಗಾರಿನ ಮಳೆ, ಡಿಸೆಂಬರಿನ ಚಳಿ ಎಲ್ಲವನ್ನೂ ಎರಡೂ ಒಟ್ಟಿಗೆ ನೋಡಲಿ. ಆಮೇಲೆ ಹಳೆಯದನ್ನು ಬಿಚ್ಚಬಹುದು.

ಇದಕ್ಕೆ ಕಾರಣ ಸರಳ. ವೀಕ್ಷಣಾಲಯಕ್ಕೆ ಹವಾ ಉಪಕರಣದಿಂದ ಬೇಕಾಗುವುದು ಇವತ್ತಿನ ಉಷ್ಣತೆ ಮಾತ್ರ ಅಲ್ಲ. ವರ್ಷಗಟ್ಟಲೆ ಕಡಿಯದೆ ಸಾಗುವ ದಾಖಲೆ ಬೇಕು. ನೀವು ಒಂದು ದಿನ ಹಳೆಯದನ್ನು ಕಿತ್ತು, ಮರುದಿನ ಹೊಸದನ್ನು ಹಾಕಿದಿರಿ ಅಂದುಕೊಳ್ಳಿ. ಅವತ್ತಿನಿಂದ ತೇವ ಶೇಕಡಾ 6ರಷ್ಟು ಇಳಿದಂತೆ ಕಂಡರೆ, ಹವೆ ಬದಲಾಯಿತೋ ಸೆನ್ಸರ್ ಬದಲಾಯಿತೋ ಹೇಳಲು ದಾರಿಯೇ ಇಲ್ಲ. ಹಳೆಯ ದಾಖಲೆ ಇಡೀ ವ್ಯರ್ಥವಾಗುತ್ತದೆ. ಕಡಿಮೆ ಬೆಲೆಯ ಸೆಟ್ ತಪ್ಪು ತೋರಿಸುತ್ತಿದ್ದರೂ ಪರವಾಗಿಲ್ಲ. ಆ ತಪ್ಪು ಎಷ್ಟು, ಯಾವಾಗ ಜಾಸ್ತಿ, ಯಾವಾಗ ಕಡಿಮೆ ಅಂತ ಗೊತ್ತಾದರೆ ಹಿಂದಿನ ಅಂಕಿಗಳನ್ನೂ ತಿದ್ದಿಕೊಳ್ಳಬಹುದು.

ತಾತ್ಕಾಲಿಕ ಉಪಕರಣವನ್ನು ಹಗುರವಾಗಿ ನೋಡಬೇಡಿ ಅನ್ನುವುದಕ್ಕೆ ದೊಡ್ಡ ಉದಾಹರಣೆ ಚಿಲಿ ದೇಶದಲ್ಲಿದೆ. ಅಲ್ಲಿ 5000 ಮೀಟರ್ ಎತ್ತರದ ಚಹನಂತೋರ್ ಬಯಲಿನಲ್ಲಿ ಈಗ ಆಲ್ಮಾ ಎಂಬ 66 ಡಿಶ್‌ಗಳ ವೀಕ್ಷಣಾಲಯ ಇದೆ. 2013ರಲ್ಲಿ ಉದ್ಘಾಟನೆಯಾಯಿತು. ಆದರೆ ಆ ಜಾಗದ ಗಾಳಿ ಅಳೆಯುವ ಕೆಲಸ ಶುರುವಾಗಿದ್ದು 1995ರಲ್ಲಿ. ಆಕಾಶ ಎಷ್ಟು ಪಾರದರ್ಶಕ ಎಂದು ನೋಡುವ 225 ಗಿಗಾಹರ್ಟ್ಸ್ ರೇಡಿಯೋಮೀಟರ್ ಇಟ್ಟರು. ನಿಮ್ಮದರಂತೆಯೇ ಉಪಗ್ರಹದ ಸಂಕೇತ ಹಿಡಿಯುವ ಎರಡು ಸಣ್ಣ ಡಿಶ್‌ಗಳನ್ನೂ 300 ಮೀಟರ್ ಅಂತರದಲ್ಲಿ ನಿಲ್ಲಿಸಿದರು. ಜಾಗ ಪರೀಕ್ಷೆಗೆಂದು ಇಟ್ಟ ಆ ಉಪಕರಣಗಳ ದಾಖಲೆಯ ಮೇಲೆ ಅಷ್ಟು ದೊಡ್ಡ ನಿರ್ಧಾರಗಳು ನಿಂತವು.

ನಿಮ್ಮ ತಾಲ್ಲೂಕಿನದೇ ಒಂದು ವಿಷಯ ನೆನಪಾಗುತ್ತದೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣಕ್ಕೆ ಭಾರತೀಯ ಖಭೌತ ಸಂಸ್ಥೆಯವರು ಜವಳಗೇರಾದಲ್ಲಿ ಶಿಬಿರ ಹಾಕಿದ್ದರು. ಅದೂ ತಾತ್ಕಾಲಿಕ ಏರ್ಪಾಡೇ. ಆದರೆ ಗ್ರಹಣ ಪೂರ್ಣವಾಗಿರುವುದು ಕೆಲವೇ ನಿಮಿಷ. ಅಷ್ಟು ಹೊತ್ತು ಉಪಕರಣ ಸರಿಯಾಗಿದ್ದರೆ ಸಾಕು. ನಿಮ್ಮ ಕೆಲಸ ಹಾಗಲ್ಲ. ಈ ವರ್ಷದ ಮೇ ತಿಂಗಳನ್ನು ಐದು ವರ್ಷದ ನಂತರದ ಮೇ ಜೊತೆ ಹೋಲಿಸಲು ಬರಬೇಕು.

ಈಗ ನಿಮಗೆ ಗಾಳಿಯ ಯಾವ ಗುಣ ಎಷ್ಟು ಬೇಕು ಅಂತ ನೋಡೋಣ. ಇದನ್ನು ಬಿಟ್ಟು ನೇರವಾಗಿ ಪಟ್ಟಿ ಮಾಡಿ ಕೊಳ್ಳಲು ಹೋದರೆ ದುಡ್ಡು ತಪ್ಪು ಕಡೆ ಹೋಗುತ್ತದೆ. ರೇಡಿಯೋ ದೂರದರ್ಶಕಕ್ಕೆ ವಾತಾವರಣ ಕೊಡುವ ತೊಂದರೆ ಆವರ್ತನದ ಮೇಲೆ ನಿಂತಿದೆ. ನಮ್ಮ ರಾಜ್ಯದ ಗೌರಿಬಿದನೂರಿನ ಹಳೆಯ ದೂರದರ್ಶಕ ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಊಟಿಯದು 326.5 ಮೆಗಾಹರ್ಟ್ಸ್. ಇಂಥ ಕಡಿಮೆ ಆವರ್ತನದಲ್ಲಿ ಕಾಟ ಕೊಡುವುದು ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳ, ಅಂದರೆ ವಿದ್ಯುದಾವೇಶ ಪಡೆದ ಗಾಳಿಯ ಪದರ. ಮೋಡ, ತೇವ ಅಷ್ಟಾಗಿ ಲೆಕ್ಕಕ್ಕಿಲ್ಲ. ಆಲ್ಮಾದಂಥ ಕಡೆ ತದ್ವಿರುದ್ಧ. ಅಲ್ಲಿ ನೀರಾವಿಯೇ ಮುಖ್ಯ ಶತ್ರು. ಅದಕ್ಕೇ ಅಲ್ಲಿನ ದೊಡ್ಡ 12 ಮೀಟರಿನ ಡಿಶ್‌ಗಳಲ್ಲಿ 183 ಗಿಗಾಹರ್ಟ್ಸ್‌ನ ನೀರಾವಿ ರೇಡಿಯೋಮೀಟರ್ ಕೂರಿಸಿದ್ದಾರೆ.

ನಿಮ್ಮ 21 ಸೆಂ.ಮೀ. ಗೆರೆಯ 1420 ಮೆಗಾಹರ್ಟ್ಸ್ ಇವೆರಡರ ನಡುವಿನ ಆರಾಮದ ಜಾಗ. ಮೋಡ ಕವಿದರೂ ಹೈಡ್ರೋಜನ್ ಗೆರೆ ಕಾಣುತ್ತದೆ. ಹಾಗಾಗಿ ಆ ಡಿಶ್‌ಗೆ ಹವಾ ಕೇಂದ್ರ ಬೇಕಾಗುವುದು ಮುಖ್ಯವಾಗಿ ಡಿಶ್ ಉಳಿಸಿಕೊಳ್ಳಲು. ಗಾಳಿ ಜೋರಾದಾಗ ಅದನ್ನು ನೇರ ನೆತ್ತಿಗೆ ಮುಖ ಮಾಡಿ ನಿಲ್ಲಿಸಬೇಕು, ಸಿಡಿಲಿನ ಸೂಚನೆ ಕಂಡರೆ ಕೇಬಲ್ ಬಿಚ್ಚಬೇಕು. ಇನ್ನೊಂದು ಬಹಳ ಉಪಯೋಗದ ಅಳತೆ ಇದೆ, ಅದು ಹವಾ ಕಂಬದಲ್ಲಿ ಸಿಗುವುದೇ ಇಲ್ಲ. ಡಿಶ್‌ನ ನಾಭಿಯಲ್ಲಿರುವ ಆಂಪ್ಲಿಫೈಯರ್ ಡಬ್ಬಿಯ ಒಳಗಿನ ಉಷ್ಣತೆ. ಆಂಪ್ಲಿಫೈಯರ್ ಬಿಸಿಯಾದಷ್ಟೂ ಅದರ ಗೇನ್, ಅಂದರೆ ಸಂಕೇತವನ್ನು ದೊಡ್ಡದು ಮಾಡುವ ಶಕ್ತಿ, ಇಳಿಯುತ್ತದೆ. ನಿಮ್ಮ ಕಡೆ ಬೇಸಿಗೆಯಲ್ಲಿ ಹಗಲು 42 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ತೂಗುವ ಲೋಹದ ಡಬ್ಬಿಯ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ರಾತ್ರಿಗೂ ಹಗಲಿಗೂ ಗೆರೆಯ ಎತ್ತರ ಬೇರೆ ಕಂಡರೆ ಅರ್ಧ ಕಾರಣ ಅಲ್ಲೇ ಇರುತ್ತದೆ. ಸಣ್ಣ ಪ್ಲಾಟಿನಂ ಸೆನ್ಸರ್ ಒಂದನ್ನು ಆ ಡಬ್ಬಿಯಲ್ಲಿ ಅಂಟಿಸಿ. ಇಡೀ ಅನುದಾನದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ವಸ್ತು ಇನ್ನೊಂದಿಲ್ಲ.

ನಿಮ್ಮ ಎರಡು ಟಿವಿ ಡಿಶ್‌ಗಳ ಕಥೆ ಬೇರೆ. ಅಲ್ಲಿ ನೀರಾವಿ ನಿಜಕ್ಕೂ ಕಾಣುತ್ತದೆ. ನೆತ್ತಿಯ ಮೇಲಿನ ಗಾಳಿಯ ಕಂಬದಲ್ಲಿರುವ ನೀರಾವಿಯನ್ನೆಲ್ಲ ನೀರಾಗಿಸಿದರೆ 1 ಮಿ.ಮೀ. ಎತ್ತರ ಬಂತು ಅನ್ನಿ. ಅಷ್ಟು ನೀರಾವಿ ರೇಡಿಯೋ ಅಲೆಯ ದಾರಿಯನ್ನು ಸುಮಾರು 6.5 ಮಿ.ಮೀ. ಉದ್ದ ಮಾಡಿದಂತೆ ತಡಮಾಡುತ್ತದೆ. ಟಿವಿ ಉಪಗ್ರಹದ 11.7 ಗಿಗಾಹರ್ಟ್ಸ್‌ನಲ್ಲಿ ಅಲೆಯುದ್ದ 2.56 ಸೆಂ.ಮೀ. ಎರಡು ಡಿಶ್‌ಗಳ ಮೇಲಿನ ನೀರಾವಿಯಲ್ಲಿ ಬರೀ 0.1 ಮಿ.ಮೀ. ವ್ಯತ್ಯಾಸ ಬಂದರೂ ಫೇಸ್, ಅಂದರೆ ಎರಡು ಅಲೆಗಳ ಹೆಜ್ಜೆಯ ವ್ಯತ್ಯಾಸ, ಸುಮಾರು 9 ಡಿಗ್ರಿ ಓಡಾಡುತ್ತದೆ. ಅಮೆರಿಕದ ವಿಎಲ್‌ಎ ವೀಕ್ಷಣಾಲಯದಲ್ಲೂ ಇದೇ ತತ್ವದ ಉಪಕರಣವನ್ನು 300 ಮೀಟರ್ ಅಂತರದಲ್ಲಿ ಇಟ್ಟಿದ್ದರು. ಫೇಸ್ ಶಾಂತವಾಗಿದ್ದರೆ ಹೆಚ್ಚಿನ ಆವರ್ತನದ ವೀಕ್ಷಣೆ, ಇಲ್ಲದಿದ್ದರೆ ಕಡಿಮೆ ಆವರ್ತನದ್ದು ಎಂದು ಅದನ್ನು ನೋಡಿ ತೀರ್ಮಾನಿಸುತ್ತಿದ್ದರು.

ಆದರೆ ಇಲ್ಲಿ ಒಂದು ಪರೀಕ್ಷೆ ಮೊದಲು ಆಗಬೇಕು. ಮಾಮೂಲಿ ಟಿವಿ ಎಲ್‌ಎನ್‌ಬಿ (ಡಿಶ್ ಮುಂದೆ ಕೂರುವ ರಿಸೀವರ್ ಡಬ್ಬಿ) ಒಂದೊಂದಕ್ಕೂ ಅದರದೇ ಆಸಿಲೇಟರ್ (ತನ್ನದೇ ಆವರ್ತನ ಹುಟ್ಟಿಸುವ ಸರ್ಕ್ಯೂಟ್) ಇರುತ್ತದೆ. ಎರಡೂ ತಮ್ಮ ಪಾಡಿಗೆ ಸರಿಯುತ್ತಿದ್ದರೆ ನೀವು ಅಳೆಯುವುದು ಗಾಳಿಯನ್ನಲ್ಲ, ಆಸಿಲೇಟರ್‌ಗಳ ಓಡಾಟವನ್ನು. ಆಸಿಲೇಟರನ್ನು ಒಂದು ಹರಳಿನ ತಾಳಕ್ಕೆ ಕಟ್ಟಿಹಾಕುವ ಪಿಎಲ್‌ಎಲ್ ಮಾದರಿಯ ಎಲ್‌ಎನ್‌ಬಿ ತಂದು, ಒಳಗಿನ ಆ 25 ಮೆಗಾಹರ್ಟ್ಸ್ ಹರಳನ್ನು ತೆಗೆದು, ಎರಡಕ್ಕೂ ಒಂದೇ ಮೂಲದಿಂದ 25 ಮೆಗಾಹರ್ಟ್ಸ್ ಕೊಡಿ. ಹ್ಯಾಮ್ ರೇಡಿಯೋ ಹವ್ಯಾಸಿಗಳು ಈ ಬದಲಾವಣೆಯನ್ನು ಮಾಡುತ್ತಿರುತ್ತಾರೆ, ಕಷ್ಟವೇನಲ್ಲ. ಕೇಬಲ್‌ಗಳನ್ನು ಬಿಸಿಲಲ್ಲಿ ಬಿಡಬೇಡಿ. ಎರಡೂ ಒಂದೇ ಉದ್ದ, ಒಂದೇ ಜಾತಿ ಇರಲಿ. ನೆಲದಡಿ ಎರಡಡಿಗೂ ಕೆಳಗೆ ಹೂಳಿ. ಕೇಬಲ್ ಬಿಸಿಯಾಗಿ ಉದ್ದವಾದರೆ ಅದೂ ನೀರಾವಿಯಂತೆಯೇ ವೇಷ ಹಾಕುತ್ತದೆ. ಉಪಗ್ರಹ ಸುಮಾರು 83 ಡಿಗ್ರಿ ಪೂರ್ವದಲ್ಲಿದ್ದರೆ ನಿಮ್ಮಲ್ಲಿ ಅದು 70 ಡಿಗ್ರಿ ಎತ್ತರದಲ್ಲಿರುತ್ತದೆ. ಇದು ಅನುಕೂಲ, ಹೆಚ್ಚುಕಡಿಮೆ ನೆತ್ತಿಯ ಮೇಲಿನ ಗಾಳಿಯನ್ನೇ ನೋಡಿದಂತೆ.

ಈಗ ನಾನು ಬಹಳ ಒತ್ತಿ ಹೇಳಬೇಕಾದ ಮಾತು. ರೇಡಿಯೋ ವೀಕ್ಷಣಾಲಯದಲ್ಲಿ ಹವಾ ಉಪಕರಣದ ಮೊದಲ ಗುಣ ನಿಖರತೆ ಅಲ್ಲ, ಸದ್ದಿಲ್ಲದೆ ಇರುವುದು. ಸದ್ದು ಅಂದರೆ ರೇಡಿಯೋ ಸದ್ದು. ಡಿಶ್ ಪಕ್ಕದಲ್ಲೇ ನಿಂತ ಹವಾ ಕೇಂದ್ರ ಎಷ್ಟು ನಿಖರವಾಗಿದ್ದರೂ ಡಿಶ್ಶಿನ ಕಿವಿಗೆ ಕೂಗುತ್ತಿದ್ದರೆ ಏನು ಪ್ರಯೋಜನ? 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದು ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಆದರೆ ಪ್ರಸಾರ ಮಾಡಲು ಹೊರಡದ ವಸ್ತುವೂ ಅಲ್ಲಿ ಸೋರುತ್ತದೆ. ಒಂದು ಲೆಕ್ಕ ನೋಡಿ. ನಿಮ್ಮ ಹವಾ ಸೆಟ್ಟಿನ ಬೋರ್ಡಿನಲ್ಲಿ 20 ಮೆಗಾಹರ್ಟ್ಸ್ ಹರಳು ಇದೆ ಅನ್ನಿ. ಹರಳಿನ ಆವರ್ತನದ ಗುಣಕಗಳಲ್ಲೂ ಸದ್ದು ಸೋರುತ್ತದೆ. ಅದರ 71ನೇ ಗುಣಕ ಸರಿಯಾಗಿ 1420 ಮೆಗಾಹರ್ಟ್ಸ್. ಹೈಡ್ರೋಜನ್ ಗೆರೆ ಇರುವುದು 1420.4ರಲ್ಲಿ. ನಮ್ಮಿಂದ ದೂರ ಸರಿಯುವ ಮೋಡದ ಗೆರೆ ಕಡಿಮೆ ಆವರ್ತನಕ್ಕೆ ಜಾರುತ್ತದಲ್ಲ, ಹಾಗೆ ಈ ವ್ಯತ್ಯಾಸವನ್ನು ವೇಗಕ್ಕೆ ತಿರುಗಿಸಿದರೆ ಸೆಕೆಂಡಿಗೆ ಸುಮಾರು 85 ಕಿ.ಮೀ. ದೂರ ಸರಿಯುವ ಹೈಡ್ರೋಜನ್ ಮೋಡ! ನಿಮ್ಮ ವಿದ್ಯಾರ್ಥಿಗಳು ಅದನ್ನು ಆಕಾಶಗಂಗೆಯ ಇನ್ನೊಂದು ತೋಳು ಅಂತ ಬರೆದುಕೊಂಡರೆ ಅವರದ್ದು ತಪ್ಪಲ್ಲ, ಅಲ್ವಾ?

ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದೆ, ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ ಅನ್ನಿಸಬಹುದು. ಆದರೆ ಹತ್ತಿರದ ಬಲವಾದ ಸಂಕೇತ ಮೊದಲ ಆಂಪ್ಲಿಫೈಯರನ್ನೇ ಉಸಿರುಗಟ್ಟಿಸುತ್ತದೆ. ಅಡಾಪ್ಟರ್, ಸೋಲಾರ್ ಚಾರ್ಜ್ ಕಂಟ್ರೋಲರ್, ಎಲ್‌ಇಡಿ ದೀಪದ ಡ್ರೈವರ್ ಇವೂ ಗಲಾಟೆ ಮಾಡುವವೇ. ಅಮೆರಿಕದ ಗ್ರೀನ್ ಬ್ಯಾಂಕ್ ರೇಡಿಯೋ ವೀಕ್ಷಣಾಲಯದ ಸುತ್ತ 1958ರಲ್ಲೇ ರೇಡಿಯೋ ಮೌನ ವಲಯ ಮಾಡಿದರು. ದೂರದರ್ಶಕದ ಹತ್ತಿರ ಪೆಟ್ರೋಲ್ ಗಾಡಿ ಬಿಡುವುದಿಲ್ಲ, ಡೀಸೆಲ್ ಗಾಡಿ ಮಾತ್ರ. ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ಕೇಳಿಸುತ್ತದೆ ಅನ್ನುವ ಕಾರಣಕ್ಕೆ. ನಾವು ಅಷ್ಟು ದೂರ ಹೋಗಲು ಆಗದಿದ್ದರೂ ನಮ್ಮದೇ ಕಂಬವನ್ನು ಸುಮ್ಮನಿರಿಸಬಹುದು.

ಖರೀದಿಗೆ ಮೊದಲು ಈ ಪರೀಕ್ಷೆ ಮಾಡಿ, ಖರ್ಚು ಸೊನ್ನೆ. ಒಂದು ರಾತ್ರಿ ಡಿಶ್ಶನ್ನು ನೆತ್ತಿಗೆ ನಿಲ್ಲಿಸಿ. ಹವಾ ಕೇಂದ್ರ ಆನ್ ಇಟ್ಟು ಇಪ್ಪತ್ತು ನಿಮಿಷ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಬಲ ಎಂಬ ಗ್ರಾಫ್) ದಾಖಲಿಸಿ, ಆಮೇಲೆ ಪೂರ್ತಿ ಆಫ್ ಮಾಡಿ ಇಪ್ಪತ್ತು ನಿಮಿಷ. ಆಫ್ ಅಂದರೆ ಬ್ಯಾಟರಿಯನ್ನೂ ತೆಗೆಯಬೇಕು. ಹೀಗೆ ಆನ್, ಆಫ್ ಬದಲಿಸುತ್ತಾ ಹಲವು ಸಲ ಮಾಡಿ. ಒಂದೇ ಸಲ ಮಾಡಿದರೆ ಗೇನ್ ತಾನಾಗಿಯೇ ಸರಿದದ್ದೂ ವ್ಯತ್ಯಾಸದಂತೆ ಕಾಣುತ್ತದೆ. ಆನ್ ಇದ್ದಾಗಿನ ಸರಾಸರಿಯಿಂದ ಆಫ್ ಇದ್ದಾಗಿನ ಸರಾಸರಿ ಕಳೆಯಿರಿ. ಉಳಿದಿದ್ದೇ ನಿಮ್ಮ ಕಂಬದ ಕೂಗು. ಡಿಶ್ಶನ್ನು ಕಂಬದ ಕಡೆಗೇ ಬಗ್ಗಿಸಿ ಇನ್ನೊಮ್ಮೆ ನೋಡಿ. ಹೊಸ ಉಪಕರಣ ಬಂದಾಗಲೂ ಕಂಬಕ್ಕೆ ಏರಿಸುವ ಮೊದಲು ಇದೇ ಪರೀಕ್ಷೆ ಆಗಲಿ. ಮಾರುವವರಿಗೆ ಮುಂಚೆಯೇ ಹೇಳಿಬಿಡಿ: ಈ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಬಿಲ್.

ಹೊಸ ವ್ಯವಸ್ಥೆಯಲ್ಲಿ ವೈಫೈ ಬೇಡವೇ ಬೇಡ. ಅಂಕಿ ದಾಖಲಿಸುವ ಲಾಗರ್, ವಿದ್ಯುತ್ ಭಾಗ ಎಲ್ಲವೂ ಒಂದು ಉಕ್ಕಿನ ಪೆಟ್ಟಿಗೆಯೊಳಗೆ ಇರಲಿ. ಬಾಗಿಲಿನ ಸುತ್ತ ಲೋಹದ ಗ್ಯಾಸ್ಕೆಟ್ ಬೇಕು, ಬಣ್ಣ ಬಳಿದ ಅಂಚು ಲೋಹಕ್ಕೆ ಲೋಹ ತಾಗಿಸುವುದಿಲ್ಲ. ಒಳಹೋಗುವ ಪ್ರತಿ ತಂತಿಗೂ ಫಿಲ್ಟರ್, ಸದ್ದು ನುಂಗುವ ಫೆರೈಟ್ ಉಂಗುರ ಹಾಕಿ. ಒಂದು ತಂತಿಯನ್ನು ಹಾಗೇ ಬಿಟ್ಟರೂ ಅದೇ ಆಂಟೆನಾ ಆಗುತ್ತದೆ. ಪೆಟ್ಟಿಗೆಯಿಂದ ಕೋಣೆಗೆ ಮಾಹಿತಿ ಆಪ್ಟಿಕಲ್ ಫೈಬರ್ ಮೇಲೆ ಬರಲಿ. ಫೈಬರ್ ಈಗ ಹಳ್ಳಿಹಳ್ಳಿಯ ಕೇಬಲ್‌ನವರ ಹತ್ತಿರವೂ ಸಿಗುತ್ತದೆ, ಜೋಡಿಸಿಕೊಡುವವರೂ ಅವರೇ. ಜೊತೆಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಆದರೆ ಅದು ರೇಡಿಯೋ ಸದ್ದು ಸಾಗಿಸುವುದಿಲ್ಲ, ಸಿಡಿಲನ್ನೂ ಕೋಣೆಯೊಳಗೆ ತರುವುದಿಲ್ಲ. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಇದೇ ಕಾರಣಕ್ಕೆ ಗಾಳಿಯ ವೇಗಕ್ಕೆ ಅಲ್ಟ್ರಾಸಾನಿಕ್ ಉಪಕರಣಕ್ಕಿಂತ ಹಳೆಯ ಕಾಲದ ಬಟ್ಟಲು ಮಾದರಿಯನ್ನೇ ಸೂಚಿಸುತ್ತೇನೆ. ತಿರುಗಿದಾಗೆಲ್ಲ ಒಂದು ಸ್ವಿಚ್ ಮುಚ್ಚಿ ತೆರೆಯುವ ಬಟ್ಟಲಿನಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲವೇ ಇಲ್ಲ. ಬೇರಿಂಗಿಗೆ ದೂಳು ಹಿಡಿಯುತ್ತದೆ ನಿಜ. ಮುಂಗಾರು ಗಾಳಿ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಬೇರಿಂಗ್ ಬದಲಿಸಿ. ಹವಾಮಾನದ ಅಂಕಿಗೆ 10 ಮೀಟರ್ ಎತ್ತರ ಬೇಕು, ಅದು ಜಾಗತಿಕ ಪದ್ಧತಿ. ಆದರೆ ಡಿಶ್ ಕಾಯಲು ಡಿಶ್ಶಿನ ಎತ್ತರದಲ್ಲೇ ಇನ್ನೊಂದು ಬಟ್ಟಲು ಇರಲಿ.

ಕಂಬದ ಬುಡಕ್ಕೆ ಬರೋಣ. ನಿಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಡ್ರಮ್ಮಿನಲ್ಲಿ ನಿಂತ ಪೈಪು ವರ್ಷದಲ್ಲಿ ಒಂದೆರಡು ಸಲವಾದರೂ ವಾಲಿರುತ್ತದೆ. ಇದರಿಂದ ಉಷ್ಣತೆಗೆ ತೊಂದರೆ ಇಲ್ಲ. ಮಳೆಮಾಪಕಕ್ಕೆ ಬಹಳ ತೊಂದರೆ. ಬಕೆಟ್ ಮಗುಚುವ ಮಾಪಕ ಮಟ್ಟ ತಪ್ಪಿದರೆ ಎಣಿಕೆಯೇ ತಪ್ಪುತ್ತದೆ. ಟಿವಿ ಡಿಶ್‌ಗಳ ಗುರಿಯೂ ಹೀಗೇ ನಿಧಾನವಾಗಿ ಸರಿಯುತ್ತದೆ. ಹಾಗಾಗಿ ಅನುದಾನದ ಮೊದಲ ದೊಡ್ಡ ಪಾಲು ಬುನಾದಿಗೆ ಹೋಗಲಿ. ಗರಸು ಸಿಗುವವರೆಗೆ ಅಗೆಸಿ, ಅಲ್ಲಿಂದ ಕಾಂಕ್ರೀಟ್ ಎಬ್ಬಿಸಿ, ಸುತ್ತ ಎರೆ ಮಣ್ಣು ತುಂಬದೆ ಮರಳು ಅಥವಾ ಗರಸು ತುಂಬಿಸಿ. ನಿಮ್ಮೂರಿನ ಅನುಭವಿ ಗೌಂಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಯಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತಿರುವ ವಿಷಯ. ಅವರ ಮಾತು ಕೇಳಿ.

ಅರ್ಥಿಂಗ್ ಕೂಡ ಎರೆಯಲ್ಲಿ ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಹಳ ಒಳ್ಳೆಯ ಅರ್ಥ್. ಬೇಸಿಗೆಯಲ್ಲಿ ಮಣ್ಣು ಸೀಳಿ ರಾಡಿನಿಂದ ದೂರ ಸರಿಯುತ್ತದೆ, ರೋಧ ಏರುತ್ತದೆ. ಗುಡುಗು ಸಿಡಿಲಿನ ಅಡ್ಡಮಳೆ ಬರುವುದು ಸರಿಯಾಗಿ ಆಗಲೇ, ಏಪ್ರಿಲ್–ಮೇನಲ್ಲಿ. ಆದ್ದರಿಂದ ಅರ್ಥ್ ರೋಧವನ್ನು ಮಳೆಯಾದ ಮೇಲೆ ಅಳೆದು ಸಮಾಧಾನ ಪಡಬೇಡಿ. ಮಣ್ಣು ಒಣಗಿ ಬಿರಿದಾಗ ಅಳೆಯಿರಿ. ರಾಡಿನ ಸುತ್ತ ಬೆಂಟೊನೈಟ್ ಜೇಡಿ ತುಂಬಿಸಿದರೆ ತೇವ ಹಿಡಿದುಕೊಳ್ಳುತ್ತದೆ. ಕಂಬ, ಡಿಶ್, ಕೋಣೆ ಮೂರರ ಅರ್ಥನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿ. ಬೇರೆಬೇರೆ ಬಿಟ್ಟರೆ ಸಿಡಿಲು ಬಡಿದಾಗ ಅವುಗಳ ನಡುವಿನ ವಿದ್ಯುತ್ ಒತ್ತಡದಿಂದ ಕರೆಂಟು ನಿಮ್ಮ ಉಪಕರಣದ ಮೂಲಕವೇ ಹರಿಯುತ್ತದೆ.

ಉಷ್ಣತೆ ಮತ್ತು ತೇವದ ಸೆನ್ಸರ್ ವಿಷಯದಲ್ಲಿ ಸೆನ್ಸರಿಗಿಂತ ಅದರ ಕೊಡೆ ಮುಖ್ಯ. ಬಿಸಿಲು ತಡೆದು ಗಾಳಿ ಬಿಡುವ ತಟ್ಟೆಗಳ ಗೂಡು ಚೆನ್ನಾಗಿಲ್ಲದಿದ್ದರೆ, ಗಾಳಿಯಿಲ್ಲದ ಮಧ್ಯಾಹ್ನ ಒಂದೆರಡು ಡಿಗ್ರಿ ಜಾಸ್ತಿ ತೋರಿಸುವುದು ಮಾಮೂಲು. ಫ್ಯಾನ್ ಇರುವ ಗೂಡು ಇನ್ನೂ ನಿಖರ. ಆದರೆ ಫ್ಯಾನಿನ ಮೋಟಾರ್ ರೇಡಿಯೋ ಸದ್ದು ಮಾಡುತ್ತದೆ, ನಿಮ್ಮ ಕಡೆಯ ದೂಳನ್ನು ಎಳೆದು ಸೆನ್ಸರಿಗೆ ಮೆತ್ತುತ್ತದೆ. ಫ್ಯಾನಿಲ್ಲದ, ಒಳ್ಳೆ ದರ್ಜೆಯ ಬಿಳಿ ತಟ್ಟೆಗಳ ಗೂಡು ಸಾಕು. ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಆರ್‌ಸಿಸಿ ಛಾವಣಿಯಿಂದ, ಸಿಮೆಂಟ್ ನೆಲದಿಂದ ದೂರ ಇಡಿ. ಒಳಗೆ ಕಣಜ ಗೂಡು ಕಟ್ಟಿದೆಯಾ ಅಂತ ಆಗಾಗ ನೋಡುತ್ತಿರಿ. ಮಳೆಮಾಪಕದ ಬಾಯಿಗೆ ಹಕ್ಕಿಯ ಹಿಕ್ಕೆ, ಕೇಬಲ್ಲಿಗೆ ಇಲಿ, ಅಳಿಲು. ಕೇಬಲ್ಲನ್ನು ಜಿಐ ಪೈಪಿನಲ್ಲಿ ಬಿಡಿ.

ಸಿಂಧನೂರಿನ ಒಂದು ವಿಶೇಷವನ್ನು ನೀವು ಗಮನದಲ್ಲಿಡಲೇಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಾಗ ಸುತ್ತ ಭತ್ತದ ಗದ್ದೆ, ನೀರು ನಿಂತ ನೆಲ. ಕಾಲುವೆ ನಿಂತಾಗ ಅದೇ ನೆಲ ಒಣ ಬಯಲು. ಕಂಬದ ತೇವದ ಸೆನ್ಸರ್ ಗದ್ದೆಯ ತೇವವನ್ನು ಹೇಳುತ್ತದೆ. ನಿಮ್ಮ ಉಪಗ್ರಹದ ಸಂಕೇತ ಹಾದು ಬರುವುದು ಹಲವು ಕಿಲೋಮೀಟರ್ ಎತ್ತರದ ಗಾಳಿಯ ಮೂಲಕ. ಅಲ್ಲಿ ಗದ್ದೆಯ ಮಾತು ನಡೆಯುವುದಿಲ್ಲ. ನೆಲದ ತೇವ ನೋಡಿ ಮೇಲಿನ ನೀರಾವಿ ಊಹಿಸಿದರೆ ಕಾಲುವೆ ಬಿಟ್ಟ ವಾರ ನಿಮ್ಮ ಲೆಕ್ಕ ದಿಕ್ಕು ತಪ್ಪುತ್ತದೆ.

ಹಾಗಾದರೆ ಮೇಲಿನ ನೀರಾವಿ ಅಳೆಯಲು ರೇಡಿಯೋಮೀಟರ್ ಬೇಕಲ್ಲ ಅನ್ನುತ್ತೀರಿ. 22.2 ಗಿಗಾಹರ್ಟ್ಸ್‌ನ ನೀರಾವಿ ಗೆರೆ ನೋಡುವ ಅಂಥ ಉಪಕರಣ ಒಳ್ಳೆಯದೇ. ಆದರೆ ಕಾಲೇಜಿನ ಅನುದಾನಕ್ಕೆ ಎಟುಕುವ ಬೆಲೆಯಲ್ಲ. ಆಗಾಗ ದ್ರವ ಸಾರಜನಕ ತಂದು ಹೊಂದಿಸಬೇಕು. ಮುಖದ ಹೊದಿಕೆ ಮಳೆಗೆ ನೆನೆದರೆ ಅಂಕಿ ಕೆಡುತ್ತದೆ. ಅದಕ್ಕಿಂತ ಬಹಳ ಕಡಿಮೆ ಖರ್ಚಿನ ದಾರಿ ಇದೆ: ಎರಡು ಆವರ್ತನಗಳ ಜಿಪಿಎಸ್ ರಿಸೀವರ್, ಸರ್ವೆ ದರ್ಜೆಯ ಆಂಟೆನಾ, ಜೊತೆಗೊಂದು ಒಳ್ಳೆಯ ಒತ್ತಡಮಾಪಕ.

ಲೆಕ್ಕ ಹೀಗೆ. ಜಿಪಿಎಸ್ ಸಂಕೇತ ಗಾಳಿಯಲ್ಲಿ ಎಷ್ಟು ತಡವಾಯಿತು ಎಂದು ರಿಸೀವರಿನ ದಾಖಲೆಯಿಂದ ತೆಗೆಯಬಹುದು. ಆ ತಡದಲ್ಲಿ ದೊಡ್ಡ ಪಾಲು ಒಣ ಗಾಳಿಯದ್ದು. ಪ್ರತಿ ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಒತ್ತಡಕ್ಕೆ ಸುಮಾರು 2.28 ಮಿ.ಮೀ. ನಿಮ್ಮ ಎತ್ತರದಲ್ಲಿ ಒತ್ತಡ 965 ಹೆಕ್ಟೊಪಾಸ್ಕಲ್ ಅಂದುಕೊಂಡರೆ ಸುಮಾರು 2.2 ಮೀಟರ್. ಒತ್ತಡ ಅಳೆದು ಇದನ್ನು ಕಳೆದರೆ ಉಳಿಯುವುದು ನೀರಾವಿಯ ತಡ. ಅದನ್ನು 0.15ರಿಂದ ಗುಣಿಸಿದರೆ ನೀರಾವಿಯ ಎತ್ತರ ಮಿ.ಮೀ.ಗಳಲ್ಲಿ ಸಿಗುತ್ತದೆ. ಒತ್ತಡದಲ್ಲಿ 1 ಹೆಕ್ಟೊಪಾಸ್ಕಲ್ ತಪ್ಪಾದರೆ ನೀರಾವಿಯಲ್ಲಿ ಸುಮಾರು 0.35 ಮಿ.ಮೀ. ತಪ್ಪು. ಅದಕ್ಕೇ ಒತ್ತಡಮಾಪಕ ಒಳ್ಳೆಯದಿರಲಿ ಅಂದೆ. 0.3 ಹೆಕ್ಟೊಪಾಸ್ಕಲ್ ಒಳಗಿನ ನಿಖರತೆ ಇದ್ದರೆ ಸಾಕು. ಅದರ ಎತ್ತರವನ್ನೂ ಬರೆದಿಡಿ. ಸುಮಾರು 9 ಮೀಟರ್ ಮೇಲೆ ಹೋದರೆ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಕೋಣೆಯಿಂದ ಛಾವಣಿಗೆ ಒಯ್ದರೂ ದಾಖಲೆಯಲ್ಲಿ ಮೆಟ್ಟಿಲು ಕಾಣುತ್ತದೆ. ಮತ್ತೊಂದು ಎಚ್ಚರಿಕೆ: ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಸಂಜೆಯ ನಂತರ ದಕ್ಷಿಣ ಭಾರತದ ಮೇಲೆ ಅಯಾನುಗೋಳ ಕಲಕುತ್ತದೆ. ಆಗ ಜಿಪಿಎಸ್ ಅಂಕಿ ನೆಗೆದಾಡಿದರೆ ಅದನ್ನು ನೀರಾವಿ ಎಂದು ಓದಬೇಡಿ.

ಸಮಯದ ವಿಷಯ ಬೇಗ ಹೇಳಿಬಿಡುತ್ತೇನೆ. ಫೇಸ್, ಸ್ಪೆಕ್ಟ್ರಮ್, ಹವಾ ಮೂರೂ ದಾಖಲೆಗಳಿಗೆ ಒಂದೇ ಗಡಿಯಾರ ಇರಲಿ. ಆ ಜಿಪಿಎಸ್ ರಿಸೀವರೇ ಸಮಯವನ್ನೂ ಕೊಡುತ್ತದೆ. ಎಲ್ಲ ಕಡತವನ್ನೂ ಅಂತರರಾಷ್ಟ್ರೀಯ ಸಮಯದಲ್ಲೇ ಬರೆಯಿರಿ. ನಮ್ಮ ಐದೂವರೆ ಗಂಟೆಯ ಗೊಂದಲ ಆಮೇಲೆ ಬಹಳ ಕಾಡುತ್ತದೆ. ಬ್ಯಾಟರಿ ನೆರಳಲ್ಲಿರಲಿ. ಲೆಡ್ ಆಸಿಡ್ ಬ್ಯಾಟರಿಯ ಆಯುಸ್ಸು ನಿಮ್ಮ ಬಿಸಿಲಿಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಇನ್ನು ಎರಡೂ ಕಂಬ ಒಟ್ಟಿಗೆ ಓಡುವ ವರ್ಷ. ತಿಂಗಳ ಸರಾಸರಿಗಳನ್ನು ಮಾತ್ರ ಹೋಲಿಸಿ ಸರಿಯಿದೆ ಅಂದುಕೊಳ್ಳಬೇಡಿ. ಹಗಲಿನ ಹೆಚ್ಚು ರಾತ್ರಿಯ ಕಡಿಮೆಯೊಂದಿಗೆ ಸೇರಿ ತಪ್ಪು ಮುಚ್ಚಿಹೋಗುತ್ತದೆ. ಎರಡರ ವ್ಯತ್ಯಾಸವನ್ನು ಬಿಸಿಲಿನ ಎದುರು, ಗಾಳಿಯ ವೇಗದ ಎದುರು, ತೇವದ ಎದುರು ಗ್ರಾಫ್ ಮಾಡಿ. ಕಡಿಮೆ ಗಾಳಿಯ ಮಧ್ಯಾಹ್ನ ಹಳೆಯ ಸೆಟ್ ಎಷ್ಟು ಏರುತ್ತದೆ, ಮಳೆಯ ರಾತ್ರಿ ಅದರ ತೇವದ ಅಂಕಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಲ್ಲವೂ ಕಾಣುತ್ತದೆ. ಇದು ಬಿಎಸ್ಸಿ ಮಕ್ಕಳಿಗೆ ಬಹಳ ಒಳ್ಳೆಯ ಪ್ರಾಜೆಕ್ಟ್. ಮಳೆಗೆ ಒಂದು ಸಾದಾ ಕೈಮಾಪಕವನ್ನೂ ಇಡಿ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಓದಿ ಬರೆಯಲಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಇರುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಹವೆ ಅಳೆಯುತ್ತಾರೆ. ಅವರ ಅಂಕಿ ನಿಮ್ಮದಕ್ಕೆ ಸರಿಹೊಂದಬೇಕಾಗಿಲ್ಲ, ಆದರೆ ನಿಮ್ಮದು ಒಂದೇ ದಿನ ದೊಡ್ಡದಾಗಿ ಬೇರೆಯಾದರೆ ಕಾರಣ ಹುಡುಕಿ.

ಒಂದು ದಪ್ಪ ನೋಟ್‌ಬುಕ್ ಕೋಣೆಯಲ್ಲೇ ಇರಲಿ, ಕನ್ನಡದಲ್ಲೇ ಬರೆಯಲಿ. ಸೆನ್ಸರಿನ ಜಾಲರಿ ಒರೆಸಿದ್ದು, ಬ್ಯಾಟರಿ ಬದಲಿಸಿದ್ದು, ಪಕ್ಕದ ಹೊಲಕ್ಕೆ ನೀರು ಬಿಟ್ಟಿದ್ದು, ಹೊಸ ಶೆಡ್ ಎದ್ದಿದ್ದು, ಹತ್ತಿರ ಬೋರ್‌ವೆಲ್ ಮೋಟಾರ್ ಕೂರಿಸಿದ್ದು ಎಲ್ಲಕ್ಕೂ ತಾರೀಖು, ಸಮಯ, ಬರೆದವರ ಹೆಸರು. ಕಂಬದ ಬುಡದಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಫೋಟೋ ತೆಗೆದು, ಪ್ರತಿ ಕಾಲದಲ್ಲೂ ಹೊಸದು ಸೇರಿಸಿ. ನೀವು ವರ್ಗವಾಗಿ ಹೋದ ಮೇಲೆ ಬರುವವರಿಗೆ ಆ ಅಂಕಿಗಳನ್ನು ನಂಬಲು ಇದಷ್ಟೇ ಆಧಾರ.

ಸೆನ್ಸರ್‌ಗಳನ್ನು ಎರಡು ವರ್ಷಕ್ಕೊಮ್ಮೆಯಾದರೂ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ ತಾಳೆ ನೋಡಿಸಿ. ಆ ದಿನಗಳಲ್ಲಿ ಕಂಬ ಖಾಲಿ ಇರದಂತೆ ಪ್ರತಿಯೊಂದರಲ್ಲೂ ಒಂದು ಹೆಚ್ಚುವರಿ ಕೊಳ್ಳಿ. ಅನುದಾನದಲ್ಲಿ ಜಾಗ ಸಾಲದಿದ್ದರೆ ಜಿಪಿಎಸ್ ಮುಂದಿನ ವರ್ಷಕ್ಕೆ ಹೋಗಲಿ. ಬುನಾದಿ, ಅರ್ಥಿಂಗ್, ಉಕ್ಕಿನ ಪೆಟ್ಟಿಗೆ, ಫೈಬರ್ ಇವುಗಳಲ್ಲಿ ಮಾತ್ರ ಉಳಿತಾಯ ಬೇಡ. ಆ ಆನ್–ಆಫ್ ಪರೀಕ್ಷೆಯನ್ನು ಈ ವಾರವೇ ಮಾಡಿ, 1415ರಿಂದ 1425 ಮೆಗಾಹರ್ಟ್ಸ್‌ವರೆಗಿನ ಎರಡೂ ಸ್ಪೆಕ್ಟ್ರಮ್ ಕಳಿಸಿ. ಯಾವ ಫಿಲ್ಟರ್ ಎಲ್ಲಿ ಹಾಕಬೇಕು ಎಂದು ಅದನ್ನು ನೋಡಿ ಹೇಳುತ್ತೇನೆ.